ಮೈಮೇಲೆ ಧರಿಸುವ ಡ್ರೋನ್: ಯುದ್ಧದ ವೈಜ್ಞಾನಿಕ ಕಥೆಯಲ್ಲಿ ಅದಕ್ಕೆ ಯಾವ ಕೆಲಸ ಕೊಡಬಹುದು?

ಮುಗಿಲಂಚು (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ನಾನು ಬರೆಯುತ್ತಿರುವ ವೈಜ್ಞಾನಿಕ ಕಾದಂಬರಿ ಅರ್ಧದವರೆಗೆ ಬಂದಿದೆ. ಮುಂದುವರಿಯುವ ಮೊದಲು, ಕಥೆಯ ಭಾರವನ್ನೆಲ್ಲ ಹೊತ್ತಿರುವ ಒಂದು ಉಪಕರಣವನ್ನು ಇಲ್ಲಿನ ಓದುಗರ ಮುಂದಿಡಬೇಕೆನಿಸಿತು. ಕಥೆ ನಡೆಯುವುದು ಇನ್ನು ಐವತ್ತು ವರ್ಷಗಳ ನಂತರ, ಸಮುದ್ರಮಟ್ಟದಿಂದ 5,000 ಮೀಟರ್‌ಗಿಂತ ಎತ್ತರದ, ಹೆಸರಿಸದ ಒಂದು ಗಡಿಯ ಬೆಟ್ಟಸಾಲಿನಲ್ಲಿ. ಎಂಟು ಜನರ ಕಾಲಾಳು ತುಕಡಿಯಲ್ಲಿ ಪ್ರತಿಯೊಬ್ಬರ ಎಡ ಹೆಗಲ ಮೇಲೂ ಅಂಗೈ ಅಗಲದ, ಸುಮಾರು 200 ಗ್ರಾಂ ತೂಕದ ಒಂದು ಡ್ರೋನ್ ಕೂತಿರುತ್ತದೆ. ಕಥೆಯಲ್ಲಿ ಅದರ ಹೆಸರು ‘ಹೆಗಲಹಕ್ಕಿ’.

ಅದಕ್ಕೆ ನಾನು ಎರಡು ಕೆಲಸ ಕೊಟ್ಟಿದ್ದೇನೆ. ಮೊದಲನೆಯದು ರೆಕ್ಕಿ: ಸೈನಿಕ ಬಾಯಿ ತೆರೆಯದೆ, ಬೆರಳ ಸನ್ನೆಯಿಂದಲೇ ಅದನ್ನು ಹಾರಿಸಿ, ದಿಬ್ಬದ ಆಚೆಗಿರುವುದನ್ನು ಕನ್ನಡಕದ ಗಾಜಿನಲ್ಲಿ ನೋಡುತ್ತಾನೆ. ಎರಡನೆಯದು ರಕ್ಷಣೆ: ಗುಂಡು ಬರುತ್ತಿದೆಯೆಂದು ತಿಳಿದ ಕ್ಷಣ ಅದು ತಾನಾಗಿ ಹಾರಿ ಗುಂಡಿಗೆ ಅಡ್ಡ ನಿಲ್ಲುತ್ತದೆ. ಮೊದಲನೆಯದರ ಬಗ್ಗೆ ನನಗೆ ಧೈರ್ಯವಿದೆ. ಎರಡನೆಯದು ಭೌತಶಾಸ್ತ್ರಕ್ಕೆ ಒಪ್ಪುತ್ತದೆಯೇ ಎಂಬುದು ನನ್ನ ಪ್ರಶ್ನೆ. ‘ಭವಿಷ್ಯದ ಕಥೆಯಲ್ಲವೇ, ಏನು ಬೇಕಾದರೂ ಬರೆಯಬಹುದು’ ಎಂಬ ಉತ್ತರ ನನಗೆ ಸಾಕಾಗುವುದಿಲ್ಲ. ಕಥೆಯ ಯಂತ್ರಕ್ಕೆ ಮಿತಿಯಿದ್ದಾಗ ಮಾತ್ರ ಅದನ್ನು ಧರಿಸಿದ ಮನುಷ್ಯ ನಿರ್ಧಾರ ತೆಗೆದುಕೊಳ್ಳಬೇಕಾದ ಸ್ಥಿತಿ ಬರುತ್ತದೆ ಎಂದು ನಂಬಿದವಳು ನಾನು.

ತರಂಗದೂರ:

ಮುಗಿಲಂಚು ಅವರೇ, ಮಿತಿಗಳನ್ನು ಕೇಳಿಕೊಂಡೇ ಬಂದಿದ್ದೀರಿ. ಹಾಗಾಗಿ ಎರಡನೆಯ ಕೆಲಸದ ಲೆಕ್ಕವನ್ನೇ ಮೊದಲು ಮಾಡೋಣ.

ಎಕೆ ಮಾದರಿಯ ಬಂದೂಕಿನಿಂದ ಹೊರಡುವ ಗುಂಡಿನ ವೇಗ ಸೆಕೆಂಡಿಗೆ ಸುಮಾರು 700 ಮೀಟರ್. ನೂರು ಮೀಟರ್ ದೂರದಿಂದ ಹಾರಿಸಿದರೆ ಅದು ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಸಮಯದಲ್ಲಿ ಎದೆಗೆ ತಲುಪುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆದ್ದರಿಂದ, ಗುಂಡು ಹಾರಿದ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಡ್ರೋನಿನ ಯಂತ್ರಬುದ್ಧಿ ಬೆಂಕಿಯ ಹೊಳಪನ್ನು ಕಂಡು ಒಂದಿಷ್ಟೂ ತಡಮಾಡದೆ ಆಜ್ಞೆ ಕೊಟ್ಟಿತು, ಮೋಟಾರುಗಳೂ ಆ ಕ್ಷಣಕ್ಕೇ ಪೂರ್ಣ ವೇಗ ಪಡೆದವು ಎಂದೇ ಇಟ್ಟುಕೊಳ್ಳಿ. ಗುರುತ್ವದ ಮೂರು ಪಟ್ಟು ವೇಗೋತ್ಕರ್ಷ ಇದ್ದರೂ ಅಷ್ಟು ಸಮಯದಲ್ಲಿ ಅದು ಸರಿಯುವುದು ಸುಮಾರು 30 ಸೆಂಟಿಮೀಟರ್ ಮಾತ್ರ. ನಿಜವಾದ ಮೋಟಾರುಗಳಿಗೆ ವೇಗ ಹಿಡಿಯಲೂ ಸಮಯ ಬೇಕು, ಆದ್ದರಿಂದ ಒಂದು ಗೇಣು ಸರಿದರೆ ಹೆಚ್ಚು.

ಸರಿದು ಅಡ್ಡ ಬಂತೆಂದರೂ ಪ್ರಯೋಜನವಿಲ್ಲ. ಆ ಗುಂಡಿನ ಚಲನಶಕ್ತಿ ಸುಮಾರು 2,000 ಜೂಲ್. ಅದನ್ನು ತಡೆಯಲು ಸೈನಿಕರು ಎದೆಗೆ ಕಟ್ಟುವ ಸಿರಾಮಿಕ್ ಫಲಕವೇ ಎರಡು ಮೂರು ಕಿಲೋ ತೂಗುತ್ತದೆ. ಪ್ಲಾಸ್ಟಿಕ್, ತೆಳು ತಂತಿ, ಬ್ಯಾಟರಿಗಳಿಂದಾದ 200 ಗ್ರಾಮಿನ ವಸ್ತುವನ್ನು ಗುಂಡು ಸೀಳಿಕೊಂಡು ಹೋಗುತ್ತದೆ, ಜೊತೆಗೆ ಅದರ ಚೂರುಗಳನ್ನೂ ಸೈನಿಕನ ಮುಖದತ್ತ ಎರಚುತ್ತದೆ. ಐವತ್ತು ವರ್ಷಗಳಲ್ಲಿ ಬ್ಯಾಟರಿ ಎಷ್ಟೇ ಸುಧಾರಿಸಲಿ, ಈ ಲೆಕ್ಕ ಬದಲಾಗುವುದಿಲ್ಲ.

ಆದರೆ ಶತ್ರುವಿನ ಆಯುಧ ಗುಂಡಲ್ಲ, ಇನ್ನೊಂದು ಡ್ರೋನ್ ಎಂದಾದರೆ ಚಿತ್ರವೇ ಬೇರೆ. ಉಕ್ರೇನಿನ ಯುದ್ಧಭೂಮಿಯಲ್ಲಿ ಕಾಲಾಳುಗಳ ಮೇಲೆ ಎರಗುತ್ತಿರುವ, ಕ್ಯಾಮೆರಾದ ದೃಶ್ಯ ನೋಡುತ್ತಾ ನಡೆಸುವ ಎಫ್‌ಪಿವಿ ಡ್ರೋನುಗಳು ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಬರುತ್ತವೆ. ಎಂದರೆ ಸೆಕೆಂಡಿಗೆ 28 ಮೀಟರ್. ಅದು 150 ಮೀಟರ್ ದೂರದಲ್ಲಿರುವಾಗ ನಿಮ್ಮ ಹೆಗಲಹಕ್ಕಿಗೆ ತಿಳಿಯಿತು, ನಿರ್ಧರಿಸಲು ಒಂದು ಸೆಕೆಂಡ್ ಹಿಡಿಯಿತು, ಬಳಿಕ ಅದೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಎದುರು ಹೋಯಿತು ಎಂದುಕೊಳ್ಳೋಣ. ಎರಡೂ ಸಂಧಿಸುವುದು ಸೈನಿಕನಿಂದ ಸುಮಾರು 60 ಮೀಟರ್ ದೂರದಲ್ಲಿ. ಅಷ್ಟು ದೂರದಲ್ಲಿ ಸಣ್ಣ ಸ್ಫೋಟಕ ಸಿಡಿದರೆ ನೆಲಕ್ಕೆ ಒರಗಿದವನು ಬದುಕುವ ಸಾಧ್ಯತೆ ಬಹಳ ಹೆಚ್ಚು. ನಿಮ್ಮ ರಕ್ಷಣೆಯ ಅಧ್ಯಾಯವನ್ನು ಇದರ ಸುತ್ತ ಕಟ್ಟಿದರೆ ಒಂದು ಅಂಕಿಯನ್ನೂ ಸುಳ್ಳು ಮಾಡಬೇಕಾಗಿಲ್ಲ.

ಹೆಗಲ ಮೇಲಿಂದ ನೇರವಾಗಿ ಹಾರಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ಪೂರ್ಣ ವೇಗದಲ್ಲಿ ತಿರುಗುವ ನಾಲ್ಕು ಪ್ರೊಪೆಲ್ಲರುಗಳು ಕಿವಿಯಿಂದ ಒಂದು ಗೇಣು ದೂರದಲ್ಲಿರುವುದು ಧರಿಸಿದವನಿಗೇ ಅಪಾಯ. ಸ್ಪ್ರಿಂಗ್ ಇರುವ ಕೊಳವೆಯಿಂದ ಮೇಲಕ್ಕೆ ಚಿಮ್ಮಿ, ತಲೆಯ ಮಟ್ಟ ದಾಟಿದ ಮೇಲೆ ರೆಕ್ಕೆ ಬಿಚ್ಚುವಂತೆ ಮಾಡಬಹುದು.

ಹಳೆಯ ಪುಟಗಳು:

ಧರಿಸುವ ಡ್ರೋನ್ ಎಂಬ ಕಲ್ಪನೆಗೆ ಒಂದಿಷ್ಟು ಇತಿಹಾಸವಿದೆ. ಕಾದಂಬರಿಗೆ ಅದರಿಂದ ಉಪಯೋಗವಾಗಬಹುದು.

2014ರಲ್ಲಿ ಇಂಟೆಲ್ ಸಂಸ್ಥೆ ಧರಿಸುವ ಉಪಕರಣಗಳಿಗಾಗಿ ನಡೆಸಿದ ಸ್ಪರ್ಧೆಯಲ್ಲಿ ಐದು ಲಕ್ಷ ಡಾಲರ್ ಬಹುಮಾನ ಪಡೆದದ್ದು ‘ನಿಕ್ಸಿ’ ಎಂಬ ಡ್ರೋನ್. ಕೈಗಡಿಯಾರದಂತೆ ಮಣಿಕಟ್ಟಿಗೆ ಸುತ್ತಿಕೊಂಡಿದ್ದು, ಬೇಕೆಂದಾಗ ಬಿಚ್ಚಿಕೊಂಡು ಹಾರಿ, ಫೋಟೊ ತೆಗೆದು ಮರಳಿ ಬರಬೇಕೆಂಬುದು ಅದರ ಉದ್ದೇಶ. ಅದು ಮಾರುಕಟ್ಟೆಗೆ ಬರಲೇ ಇಲ್ಲ. ಸೇನೆಯ ಕಡೆಯಲ್ಲಿ ನಿಮ್ಮ ಹೆಗಲಹಕ್ಕಿಗೆ ಬಹಳ ಹತ್ತಿರದ ಸಂಬಂಧಿಯೆಂದರೆ ನಾರ್ವೆಯ ‘ಬ್ಲ್ಯಾಕ್ ಹಾರ್ನೆಟ್’. 2013ರ ಹೊತ್ತಿಗೆ ಬ್ರಿಟಿಷ್ ಸೈನಿಕರು ಅದನ್ನು ಅಫ್ಘಾನಿಸ್ತಾನದಲ್ಲಿ ಬಳಸುತ್ತಿದ್ದರು. ಅದರ ಮೂರನೆಯ ಮಾದರಿ 33 ಗ್ರಾಂ ತೂಗುತ್ತದೆ, ಸುಮಾರು 25 ನಿಮಿಷ ಹಾರುತ್ತದೆ, ಎರಡು ಕಿಲೋಮೀಟರ್‌ವರೆಗೆ ಹೋಗುತ್ತದೆ. ಸೈನಿಕ ಸೊಂಟಕ್ಕೋ ಎದೆಪಟ್ಟಿಗೋ ಸಿಕ್ಕಿಸಿಕೊಳ್ಳುವ ಪೆಟ್ಟಿಗೆಯಲ್ಲಿ ಅದು ಮಲಗಿರುತ್ತದೆ. ಮಣ್ಣಿನ ಗೋಡೆಯ ಆಚೆಗೆ ಯಾರಿದ್ದಾರೆಂದು ನೋಡಲು ತಲೆ ಎತ್ತಬೇಕಾದ ಕಡೆ ತಲೆಯ ಬದಲು ಇದನ್ನು ಎತ್ತಿದರು, ಅಷ್ಟೆ. ಅದಕ್ಕೆ ಆಯುಧವಿಲ್ಲ, ಕವಚವಿಲ್ಲ.

ಇದಕ್ಕೂ ಹಿಂದೆ, 1970ರ ದಶಕದಲ್ಲಿ, ಅಮೆರಿಕದ ಸಿಐಎ ಕೊಡತಿಹುಳುವಿನ ಆಕಾರದ ಯಂತ್ರವೊಂದನ್ನು ತಯಾರಿಸಿತ್ತು. ಸುಮಾರು ಒಂದು ಗ್ರಾಂ ತೂಕದ ಅದು ಒಂದು ನಿಮಿಷದಲ್ಲಿ 200 ಮೀಟರ್ ಹಾರಬಲ್ಲುದಾಗಿದ್ದರೂ ಸಣ್ಣ ಅಡ್ಡಗಾಳಿಗೂ ದಾರಿ ತಪ್ಪುತ್ತಿದ್ದುದರಿಂದ ಬಳಕೆಗೆ ಬರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಕೀಟಗಾತ್ರದ ಯಂತ್ರ ‘ರೋಬೋಬೀ’ 2019ರಲ್ಲಿ ತಂತಿಯ ಹಂಗಿಲ್ಲದೆ ಹಾರಿತು ನಿಜ, ಆದರೆ ಅದಕ್ಕೆ ಬಿಸಿಲಿನ ಮೂರು ಪಟ್ಟು ಪ್ರಖರವಾದ ದೀಪದ ಬೆಳಕು ಬೇಕಾಗಿತ್ತು. ಆದ್ದರಿಂದ ಶಿಖರಗಳ ಗಾಳಿಯಲ್ಲಿ ನೊಣದಷ್ಟು ಚಿಕ್ಕ ಡ್ರೋನುಗಳನ್ನು ಹಾರಿಸುವ ಆಸೆ ನಿಮಗಿದ್ದರೆ ಎರಡು ಸಲ ಯೋಚಿಸಿ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೂ ಹಳೆಯ ಒಂದು ಪ್ರಸಂಗ. ಜರ್ಮನಿಯ ಯೂಲಿಯಸ್ ನೊಯ್‌ಬ್ರೊನರ್ ಎಂಬ ಔಷಧ ವ್ಯಾಪಾರಿ, ಪಾರಿವಾಳದ ಎದೆಗೆ ಪಟ್ಟಿ ಕಟ್ಟಿ ಪುಟ್ಟ ಕ್ಯಾಮೆರಾ ತೊಡಿಸಿದರು. ನಿಗದಿತ ಹೊತ್ತಿಗೆ ಅದು ತಾನಾಗಿಯೇ ಚಿತ್ರ ತೆಗೆಯುತ್ತಿತ್ತು. ಇದು ಅಸಾಧ್ಯವೆಂದು ಮೊದಲು ನಿರಾಕರಿಸಿದ ಪೇಟೆಂಟ್ ಕಚೇರಿ, ಚಿತ್ರಗಳನ್ನು ಕಂಡ ಮೇಲೆ 1908ರಲ್ಲಿ ಪೇಟೆಂಟ್ ಕೊಟ್ಟಿತು. ಮೊದಲ ಮಹಾಯುದ್ಧದಲ್ಲಿ ಅದರ ಪರೀಕ್ಷೆಯೂ ನಡೆಯಿತು. ಅಲ್ಲಿ ಇಡೀ ವ್ಯವಸ್ಥೆ ನಿಂತದ್ದು ಪಾರಿವಾಳ ಗೂಡಿಗೆ ಮರಳುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ. ನಿಮ್ಮ ಹೆಗಲಹಕ್ಕಿ ಹೇಗೆ ಮರಳುತ್ತದೆ ಎಂಬುದನ್ನು ನೀವು ಬರೆದಿಲ್ಲ.

ನಿವೃತ್ತ ಸುಬೇದಾರ್, ಬೆಳಗಾವಿ ಕಡೆ:

ಹಳೆಯ ಪುಟಗಳು ಅವರು ಕೊನೆಗೆ ಎತ್ತಿದ ಮಾತೇ ಇಡೀ ಚರ್ಚೆಯ ಕೀಲಿ ಎಂದು ನನಗನ್ನಿಸುತ್ತದೆ. ಹೋಗುವುದು ಸುಲಭ, ಬರುವುದು ಕಷ್ಟ.

ಸೈನಿಕ ಅಡಗಿ ಕೂತಿದ್ದಾನೆ. ಅವನು ಡ್ರೋನ್ ಕಳಿಸುತ್ತಾನೆ, ಅದು ಶತ್ರುವಿನ ನೆಲೆಯನ್ನು ನೋಡುತ್ತದೆ. ಶತ್ರುವಿಗೆ ಅದು ಕಾಣಿಸುತ್ತದೆ ಅಥವಾ ಕೇಳಿಸುತ್ತದೆ, ಆದರೂ ಅವನು ಗುಂಡು ಹಾರಿಸುವುದಿಲ್ಲ. ಅದು ಎಲ್ಲಿಗೆ ವಾಪಸು ಹೋಗುತ್ತದೆಂದು ನೋಡುತ್ತಾ ಕೂರುತ್ತಾನೆ. ಅದು ನೆಟ್ಟಗೆ ಬಂದು ಯಜಮಾನನ ಹೆಗಲ ಮೇಲೆ ಇಳಿದರೆ, ಮಾರ್ಟರ್ ಹೊಡೆಯುವವನಿಗೆ ಗುರಿಯನ್ನು ನಾವೇ ಬೆರಳಿಟ್ಟು ತೋರಿಸಿದ ಹಾಗಾಯಿತು. ಹಾಗಾಗಿ ವಾಪಸು ಬರುವ ದಾರಿ ಸುತ್ತುದಾರಿಯಾಗಿರಬೇಕು. ಮೊದಲೇ ಗೊತ್ತುಮಾಡಿದ, ಬಂಡೆಯ ಮರೆಯ ಜಾಗದಲ್ಲಿ ಇಳಿಯಬೇಕು. ಇನ್ನೊಬ್ಬ ಹೋಗಿ ಎತ್ತಿಕೊಳ್ಳಬೇಕು. ಎತ್ತಿಕೊಳ್ಳಲು ಹೋಗುವವನ ಜೀವದ ಬೆಲೆ, ಡ್ರೋನ್ ತಂದ ಚಿತ್ರದ ಬೆಲೆಗಿಂತ ಕಡಿಮೆಯೇ ಎಂದು ತುಕಡಿಯ ನಾಯಕ ಪ್ರತಿ ಸಲವೂ ಕೇಳಿಕೊಳ್ಳಬೇಕಾಗುತ್ತದೆ.

ಎರಡನೆಯ ವಿಷಯ ತೂಕ. ಅಮೆರಿಕದ ಸೇನೆ 2003ರಲ್ಲಿ ಅಫ್ಘಾನಿಸ್ತಾನದಲ್ಲಿ ತೂಗಿ ನೋಡಿದಾಗ, ಬಂದೂಕುಧಾರಿ ಕಾಲಾಳು ಹೋರಾಟಕ್ಕೆ ಹೊತ್ತದ್ದೇ ಸುಮಾರು 29 ಕಿಲೋ, ನಡಿಗೆಗೆ ಹೊತ್ತದ್ದು 43 ಕಿಲೋ. 200 ಗ್ರಾಂ ಎನ್ನುವುದು ಹೇಳಲಿಕ್ಕೆ ಹಗುರ, ಆದರೆ ಅದರ ಹಿಂದೆಯೇ ಬಿಡಿ ಬ್ಯಾಟರಿ, ಚಾರ್ಜರ್, ಬಿಡಿ ರೆಕ್ಕೆ, ಪರದೆ ಎಲ್ಲ ಬರುತ್ತವೆ. ಅಷ್ಟೆತ್ತರದಲ್ಲಿ ಹತ್ತು ಹೆಜ್ಜೆಗೊಮ್ಮೆ ಉಸಿರಿಗಾಗಿ ನಿಲ್ಲುವ ಮನುಷ್ಯನಿಗೆ ಒಂದು ಕಿಲೋ ಎಂದರೆ ಏನೆಂಬುದನ್ನು ಕೆಳಗೆ ಕೂತು ಅಂದಾಜು ಮಾಡಲಾಗದು. ಎಂಟು ಜನರಿಗೂ ಒಂದೊಂದು ಎನ್ನುವುದು ನನಗೆ ಸರಿಕಾಣುವುದಿಲ್ಲ. ಇಬ್ಬರ ಬಳಿ ಇದ್ದರೆ ಸಾಕು, ಉಳಿದ ಆರು ಜನ ಆ ಇಬ್ಬರ ಹೊರೆಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ.

ಇನ್ನೊಂದು ಮಾತು. ಕನ್ನಡಕದಲ್ಲಿ ದೂರದ ದೃಶ್ಯ ನೋಡುತ್ತಿರುವವನಿಗೆ ತನ್ನ ಕಾಲಡಿಯ ನೆಲ ಕಾಣುವುದಿಲ್ಲ. ಅವನ ಬೆನ್ನಿಗೆ ಒಬ್ಬ ನಿಲ್ಲಲೇಬೇಕು. ಡ್ರೋನ್ ಬಂದರೆ ಒಬ್ಬ ಮನುಷ್ಯ ಉಳಿತಾಯವಾಗುತ್ತಾನೆ ಎಂದು ಹೇಳುವವರುಂಟು. ಹಾರಾಟದ ಅಷ್ಟೂ ಹೊತ್ತು ಇಬ್ಬರು ಹೋರಾಟದಿಂದ ಹೊರಗಿರುತ್ತಾರೆ ಎಂಬುದನ್ನು ಕಥೆಯಲ್ಲಾದರೂ ತೋರಿಸಿ.

1999ರಲ್ಲಿ ಕಾರ್ಗಿಲ್‌ನ ತೋಲೋಲಿಂಗ್, ಟೈಗರ್ ಹಿಲ್‌ಗಳನ್ನು ನಮ್ಮವರು ಹತ್ತಿದ್ದು ರಾತ್ರಿ ಹೊತ್ತು. ಮೇಲಿನ ಬಂಕರಿನಲ್ಲಿ ಕೂತವನಿಗೆ ಕೆಳಗಿನದೆಲ್ಲ ಕಾಣುತ್ತಿತ್ತು, ಹತ್ತುವವನಿಗೆ ಮುಂದಿನ ಬಂಡೆಯ ಆಚೆಗೆ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಆ ಬಂಡೆಯ ಆಚೆಯ ಇಪ್ಪತ್ತು ಮೀಟರ್ ತೋರಿಸುವ ಒಂದು ಕಣ್ಣು ಇದ್ದಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಆದ್ದರಿಂದ ನಿಮ್ಮ ಕಲ್ಪನೆಯನ್ನು ನಾನು ಹಗುರವಾಗಿ ನೋಡುತ್ತಿಲ್ಲ, ತಾಯಿ. ಎರಡು ಕಿಲೋಮೀಟರ್ ಹಾರುವ ಹಕ್ಕಿ ಬೇಡ, ಇಪ್ಪತ್ತು ಮೀಟರ್ ನೋಡುವ ಹಕ್ಕಿ ಸಾಕು.

ತರಂಗದೂರ:

ಸುಬೇದಾರ್ ಸರ್, ನೀವು ಹೇಳಿದ ಇಪ್ಪತ್ತು ಮೀಟರ್ ಎಂಜಿನಿಯರನ ದೃಷ್ಟಿಯಿಂದಲೂ ದೊಡ್ಡ ಅನುಕೂಲ. ಅಷ್ಟು ಹತ್ತಿರಕ್ಕಾದರೆ ಕೂದಲೆಳೆಯಂಥ ತಂತಿಯೊಂದನ್ನು ಹಕ್ಕಿಗೆ ಕಟ್ಟಿಬಿಡಬಹುದು. ವಿದ್ಯುತ್ತು ಸೈನಿಕನ ಬೆನ್ನಿನ ಬ್ಯಾಟರಿಯಿಂದ ಹೋಗುತ್ತದೆ, ಚಿತ್ರ ಅದೇ ದಾರಿಯಲ್ಲಿ ಬರುತ್ತದೆ. ರೇಡಿಯೊ ತರಂಗವೇ ಹೊರಡದಿದ್ದಾಗ ಜಾಮರ್‌ನಿಂದ ಅದನ್ನು ಕೆಡಿಸಲಾಗದು, ತರಂಗದ ದಿಕ್ಕು ಹಿಡಿದು ಸೈನಿಕನನ್ನು ಹುಡುಕಲೂ ಆಗದು. ಉಕ್ರೇನಿನಲ್ಲಿ 2024ರಿಂದ ಎರಡೂ ಕಡೆಯವರು ಕಿಲೋಮೀಟರುಗಟ್ಟಲೆ ಉದ್ದದ ಆಪ್ಟಿಕಲ್ ಫೈಬರ್ ಬಿಚ್ಚುತ್ತಾ ಹೋಗುವ ಡ್ರೋನುಗಳನ್ನು ಬಳಸತೊಡಗಿದ್ದು ಇದೇ ಕಾರಣಕ್ಕೆ. ಅಂಥವು ರೇಡಿಯೊ ಪತ್ತೆಯಂತ್ರಕ್ಕೆ ಸಿಗುವುದಿಲ್ಲವಾದ್ದರಿಂದ ನಿಮ್ಮ ರಕ್ಷಕ ಡ್ರೋನಿಗೆ ಕಿವಿಯೂ ಕಣ್ಣೂ ಎರಡೂ ಬೇಕು. ಪ್ರೊಪೆಲ್ಲರಿನ ಸದ್ದನ್ನು ಗುರುತಿಸುವ ಮೈಕ್ರೊಫೋನುಗಳನ್ನು ತುಕಡಿಯ ನಾಲ್ವರ ಹೆಲ್ಮೆಟ್‌ಗಳಲ್ಲಿ ಹಂಚಿಟ್ಟರೆ, ಸದ್ದು ಒಬ್ಬೊಬ್ಬರಿಗೆ ತಲುಪಿದ ಸಮಯದ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ.

ಎತ್ತರದ ವಿಷಯಕ್ಕೆ ಬರೋಣ. 5,000 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡ 60ರಷ್ಟು ಮಾತ್ರ. ಒಂದೇ ತೂಕವನ್ನು ಗಾಳಿಯಲ್ಲಿ ನಿಲ್ಲಿಸಲು ಬೇಕಾದ ಶಕ್ತಿ ಅಲ್ಲಿ ಹೆಚ್ಚುಕಡಿಮೆ ಶೇಕಡ 30ರಷ್ಟು ಏರುತ್ತದೆ. ರೋಟರಿನ ವ್ಯಾಸವನ್ನು ಅರ್ಧ ಮಾಡಿದರೆ ಶಕ್ತಿ ಎರಡು ಪಟ್ಟು ಬೇಕು ಎಂಬುದೂ ಇದೇ ಸೂತ್ರದ ಮಾತು. ಆದ್ದರಿಂದ ಬೆಟ್ಟದ ಹೆಗಲಹಕ್ಕಿಗೆ ಬಯಲಿನದಕ್ಕಿಂತ ಅಗಲವಾದ ರೆಕ್ಕೆ ಬೇಕು; ‘ಅಂಗೈ ಅಗಲ’ ಎನ್ನುವುದು ಮಡಿಸಿದಾಗಿನ ಅಳತೆಯಾಗಲಿ.

ಇನ್ನು ಚಳಿ. ಲಿಥಿಯಂ ಬ್ಯಾಟರಿ ಶೂನ್ಯದ ಕೆಳಗೆ ಇಪ್ಪತ್ತು ಡಿಗ್ರಿಯಲ್ಲಿ ತನ್ನ ಸಾಮರ್ಥ್ಯದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಹೆಗಲ ಮೇಲೆ ಗಾಳಿಗೊಡ್ಡಿ ಕೂರಿಸಿದ ಹಕ್ಕಿ ಬೇಕಾದ ಹೊತ್ತಿಗೆ ಏಳುವುದೇ ಇಲ್ಲ. ಅದನ್ನು ಕೋಟಿನ ಒಳಗೆ, ಎದೆಯ ಹತ್ತಿರ, ಮೈಶಾಖ ತಗಲುವಲ್ಲಿ ಇಡಬೇಕು. ಧರಿಸುವ ಡ್ರೋನ್ ಎನ್ನಲು ನನಗೆ ಕಾಣುವ ಗಟ್ಟಿ ಕಾರಣ ಇದೇ: ಅದಕ್ಕೆ ಮನುಷ್ಯನ ಮೈ ಬೇಕು. ಆದರೆ ಒಂದು ತೊಡಕಿದೆ. ಹೊರಗೆ ಹಾರಿ ಕೊರೆದುಹೋದ ಹಕ್ಕಿಯನ್ನು ಮರಳಿ ಕೋಟಿನೊಳಗೆ ಸೇರಿಸಿದ ಕೂಡಲೇ ಮೈಯ ತೇವವೆಲ್ಲ ಅದರ ತಣ್ಣನೆಯ ಮಸೂರದ ಮೇಲೆ ಹನಿಗಟ್ಟುತ್ತದೆ. ಒರೆಸದೆ ಎರಡನೆಯ ಸಲ ಹಾರಿಸಿದರೆ ಆ ಹನಿ ಹೆಪ್ಪುಗಟ್ಟಿ, ಕನ್ನಡಕದಲ್ಲಿ ಬೆಳ್ಳಗಿನ ಮಸುಕು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮರಳುವಿಕೆಯ ಕಷ್ಟ ನಮ್ಮ ಕಡೆಯವರಿಗೂ ಹೊಸದಲ್ಲ. ಬೆಂಗಳೂರಿನ ರಕ್ಷಣಾ ಸಂಶೋಧನಾಲಯ ಎಡಿಇ ರೂಪಿಸಿದ ‘ನಿಶಾಂತ್’ ಡ್ರೋನ್ ಲಾರಿಯ ಮೇಲಿನ ಹಳಿಯಿಂದ ಚಿಮ್ಮಿ ಹಾರುತ್ತಿತ್ತು, ಕೆಲಸ ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಿ ಇಳಿಯುತ್ತಿತ್ತು. ಇಳಿದಲ್ಲಿಗೆ ಜನ ಹೋಗಬೇಕಾಗಿತ್ತು. ಗಾತ್ರ ಎಷ್ಟೇ ಕಿರಿದಾದರೂ ಆ ಪ್ರಶ್ನೆ ಮಾತ್ರ ಕಿರಿದಾಗಿಲ್ಲ.

ಓದುಗ ಮಿತ್ರ:

ನನ್ನದು ಚಿಕ್ಕ ಪ್ರಶ್ನೆ. ರಕ್ಷಕ ಡ್ರೋನಿಗೆ ನಿರ್ಧರಿಸಲು ಒಂದು ಸೆಕೆಂಡ್ ಎಂದಿರಿ. ಅಷ್ಟರಲ್ಲಿ ಮನುಷ್ಯನನ್ನು ಕೇಳಿ ಉತ್ತರ ಪಡೆಯುವುದು ಆಗದ ಮಾತು. ಹಾಗಾದರೆ ಅದು ತನ್ನಷ್ಟಕ್ಕೇ ದಾಳಿ ಮಾಡುವ ಯಂತ್ರವೇ ಆಯಿತಲ್ಲ?

ವಿಧಿನಿಯಮ:

ಓದುಗ ಮಿತ್ರರ ಪ್ರಶ್ನೆಗೆ ಕಾನೂನಿನ ದಿಕ್ಕಿನಿಂದ ಉತ್ತರಿಸಲು ಯತ್ನಿಸುತ್ತೇನೆ. ಹಾರಿ ಬರುವ ವಸ್ತುವಿನ ಮೇಲೆ ಮಾತ್ರ ಎರಗುವ ಯಂತ್ರಕ್ಕೂ ಮನುಷ್ಯರ ಮೇಲೆ ಎರಗುವ ಯಂತ್ರಕ್ಕೂ ದೊಡ್ಡ ಅಂತರವಿದೆ. ಇಸ್ರೇಲಿನ ಟ್ಯಾಂಕುಗಳ ಮೇಲಿರುವ ‘ಟ್ರೋಫಿ’ ವ್ಯವಸ್ಥೆ, ತನ್ನತ್ತ ಬರುವ ರಾಕೆಟ್ಟನ್ನು ಸಿಬ್ಬಂದಿಯನ್ನು ಕೇಳದೆಯೇ ಹೊಡೆಯುತ್ತದೆ. ಅಷ್ಟು ಬೇಗ ಕೇಳುವುದು ಸಾಧ್ಯವೂ ಇಲ್ಲ. ಹೆಗಲಹಕ್ಕಿಯ ರಕ್ಷಣೆಯ ಕೆಲಸ ಅಲ್ಲಿಗೇ ನಿಂತರೆ ಕಾನೂನಿನ ತಕರಾರು ಕಡಿಮೆ. ಆದರೆ ಅದೇ ಯಂತ್ರಕ್ಕೆ, ಬರುತ್ತಿರುವ ಡ್ರೋನನ್ನು ನಡೆಸುತ್ತಿರುವವನನ್ನು ಹುಡುಕಿ ಹೊಡೆಯುವ ಅಧಿಕಾರವನ್ನೂ ಕೊಟ್ಟ ಕ್ಷಣ ಎಲ್ಲವೂ ಬದಲಾಗುತ್ತದೆ. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಒಡಂಬಡಿಕೆಯ 36ನೆಯ ವಿಧಿಯ ಪ್ರಕಾರ, ಅದನ್ನು ಒಪ್ಪಿದ ದೇಶಗಳು ಹೊಸ ಆಯುಧವನ್ನು ಬಳಕೆಗೆ ತರುವ ಮೊದಲೇ ಅದು ಕಾನೂನಿಗೆ ಹೊಂದುತ್ತದೆಯೇ ಎಂದು ಪರಿಶೀಲಿಸಬೇಕು. ಶರಣಾದವನ ಮೇಲೆ ದಾಳಿ ಮಾಡಬಾರದು ಎಂಬುದು ಅದೇ ಒಡಂಬಡಿಕೆಯ 41ನೆಯ ವಿಧಿ.

ಶರಣಾಗತಿಯನ್ನು ಯಂತ್ರ ಹೇಗೆ ಗುರುತಿಸಬೇಕು? ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಕುವೈತಿನ ಫೈಲಕಾ ದ್ವೀಪದ ಮೇಲೆ ಅಮೆರಿಕದ ಯುದ್ಧನೌಕೆಯ ‘ಪಯೊನೀರ್’ ಡ್ರೋನ್ ಹಾರಿ ಬಂದಾಗ, ಅದರ ಹಿಂದೆಯೇ ಫಿರಂಗಿ ಗುಂಡುಗಳು ಬರುತ್ತವೆಂದು ತಿಳಿದಿದ್ದ ಇರಾಕಿ ಸೈನಿಕರು ಬಿಳಿಯ ಬಟ್ಟೆ ಬೀಸಿ ಅದಕ್ಕೇ ಶರಣಾದರು. ದೂರದ ಹಡಗಿನಲ್ಲಿ ಪರದೆ ನೋಡುತ್ತಿದ್ದ ಮನುಷ್ಯರಿಗೆ ಅದು ಅರ್ಥವಾಯಿತು. ನಿಮ್ಮ ಕಥೆಯಲ್ಲಿ ಪರದೆಯ ಮುಂದೆ ಯಾರೂ ಇಲ್ಲದಿದ್ದರೆ ಆ ಬಿಳಿ ಬಟ್ಟೆಯನ್ನು ಯಾರು ನೋಡುತ್ತಾರೆ?

2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸ್ವಯಂಚಾಲಿತ ಆಯುಧಗಳ ಕುರಿತು ನಿರ್ಣಯವೊಂದನ್ನು ಅಂಗೀಕರಿಸಿದಾಗ 152 ದೇಶಗಳು ಪರವಾಗಿ ಮತ ಹಾಕಿದವು. ವಿರುದ್ಧ ಹಾಕಿದ ನಾಲ್ಕರಲ್ಲಿ ಭಾರತವೂ ಒಂದು. ಈ ಚರ್ಚೆ ಜಿನೀವಾದ ಬೇರೊಂದು ವೇದಿಕೆಯಲ್ಲಿ ಈಗಾಗಲೇ ನಡೆಯುತ್ತಿದೆ, ಎರಡೆರಡು ಕಡೆ ನಡೆಯುವುದು ಬೇಡ ಎಂಬುದು ಭಾರತದ ನಿಲುವಾಗಿತ್ತು. ಆ ನಿಲುವನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಇನ್ನು ಐವತ್ತು ವರ್ಷಗಳ ನಂತರದ ಕಥೆ ಬರೆಯುವವರು ಆ ಹೊತ್ತಿಗೆ ಯಾವ ಒಪ್ಪಂದ ಜಾರಿಯಲ್ಲಿದೆ, ಯಾರು ಅದಕ್ಕೆ ಸಹಿ ಹಾಕಿಲ್ಲ ಎಂಬುದನ್ನು ಒಂದು ಪುಟದಲ್ಲಾದರೂ ಹೇಳಲೇಬೇಕೆಂದು ನನ್ನ ಆಗ್ರಹ. ನಿಯಮವಿಲ್ಲದ ಲೋಕದಲ್ಲಿ ಸೈನಿಕನ ಸಂಕಟಕ್ಕೆ ತೂಕವಿರುವುದಿಲ್ಲ.

ಮುಗಿಲಂಚು:

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಮನಸಾರೆ ಕೃತಜ್ಞಳು. ಈ ಮಾತುಗಳ ಬೆಳಕಿನಲ್ಲಿ ಅಧ್ಯಾಯಗಳನ್ನು ಹೀಗೆ ತಿದ್ದುತ್ತಿದ್ದೇನೆ.

ಗುಂಡಿಗೆ ಅಡ್ಡ ನಿಲ್ಲುವ ದೃಶ್ಯ ಹೋಗುತ್ತದೆ. ತುಕಡಿಯಲ್ಲಿ ಇಬ್ಬರ ಬಳಿ ಮಾತ್ರ ಹಕ್ಕಿಗಳಿರುತ್ತವೆ, ಅವು ಬೇರೆ ಬೇರೆ ಬಗೆಯವು. ಒಂದು ಎದೆಯ ಬಳಿ ಕೋಟಿನೊಳಗೆ ಮಲಗಿದ್ದು, ತಂತಿ ಕಟ್ಟಿಕೊಂಡು ಮುಂದಿನ ಬಂಡೆಯಾಚೆಗೆ ಇಣುಕುವ ರೆಕ್ಕಿಯ ಹಕ್ಕಿ. ಇನ್ನೊಂದು ಬೆನ್ನಿನ ಕೊಳವೆಯಲ್ಲಿರುವ, ಒಮ್ಮೆ ಚಿಮ್ಮಿದರೆ ಮರಳದ ರಕ್ಷಕ. ರಕ್ಷಕ ಹಕ್ಕಿ ಮರಳುವುದಿಲ್ಲವೆಂದಾದಾಗ, ಕೊನೆಯದೊಂದು ಉಳಿದಿರುವ ಹೊತ್ತಿನಲ್ಲಿ ಅದನ್ನು ಯಾವಾಗ ಬಳಸಬೇಕೆಂಬ ನಿರ್ಧಾರ ಕಥಾನಾಯಕಿಯ ಪಾಲಿಗೆ ಬರುತ್ತದೆ. ಹಾರಿ ಬರುವ ವಸ್ತುವನ್ನು ಕಂಡೊಡನೆ ಅದು ತಾನೇ ಚಿಮ್ಮುವಂತೆ ಬಿಡುವ ಗುಂಡಿಯನ್ನು ಒತ್ತಿಡಬೇಕೇ, ಬೇಡವೇ ಎಂಬುದು ಅವಳ ಕೈಯಲ್ಲಿದೆ; ಒತ್ತಿಟ್ಟರೆ ಕಣಿವೆಯ ರಣಹದ್ದೊಂದು ಹತ್ತಿರ ಹಾರಿದರೂ ಕೊನೆಯ ರಕ್ಷಣೆ ವ್ಯರ್ಥವಾಗಿ ಹೋಗಬಹುದು.

ರೆಕ್ಕಿಯ ಅಧ್ಯಾಯದಲ್ಲಿ ಮಸುಕಾದ ಮಸೂರವೇ ತಿರುವು. ಎರಡನೆಯ ಹಾರಾಟದ ಬೆಳ್ಳಗಿನ ಮಸುಕಿನಲ್ಲಿ ಬಂಕರಿನ ಬಾಯಲ್ಲಿ ಏನೋ ಅಲುಗಾಡುತ್ತದೆ. ಅದು ಬಂದೂಕಿನ ನಳಿಗೆಯೋ ಬೀಸುತ್ತಿರುವ ಬಟ್ಟೆಯೋ ಅವಳಿಗೆ ತಿಳಿಯುವುದಿಲ್ಲ. ವಿಧಿನಿಯಮ ಅವರ ಪ್ರಶ್ನೆ ಅಲ್ಲಿಗೆ ತಾನಾಗಿ ಬಂದು ಸೇರುತ್ತದೆ.

ಒಂದು ಸಂದೇಹ ಉಳಿದಿದೆ, ಸುಬೇದಾರ್ ಸರ್. ಆ ಹೊತ್ತಿನಲ್ಲಿ ಅವಳು ಹಕ್ಕಿಯನ್ನು ಹಿಂದಕ್ಕೆಳೆದು, ಮಸೂರ ಒರೆಸಿ, ಮೂರನೆಯ ಸಲ ಕಳಿಸಬಹುದೇ? ಅಷ್ಟು ವ್ಯವಧಾನ ಸಿಗುತ್ತದೆಯೇ?

ನಿವೃತ್ತ ಸುಬೇದಾರ್, ಬೆಳಗಾವಿ ಕಡೆ:

ವ್ಯವಧಾನ ಸಿಗುವುದು ಬಿಡುವುದು ತುಕಡಿ ಎಲ್ಲಿ ನಿಂತಿದೆ ಎಂಬುದರ ಮೇಲೆ ಹೋಗುತ್ತದೆ. ಬಂಡೆಯ ಮರೆ ಗಟ್ಟಿಯಾಗಿದ್ದರೆ ಎರಡು ನಿಮಿಷ ಸಿಗುತ್ತದೆ, ಬಯಲಲ್ಲಿದ್ದರೆ ಇಲ್ಲ. ಒರೆಸುವ ವಿಚಾರಕ್ಕೆ ಒಂದು ಮಾತು ಗಮನದಲ್ಲಿಡಿ. ಆ ಚಳಿಯಲ್ಲಿ ದಪ್ಪ ಕೈಗವಸು ತೊಟ್ಟ ಬೆರಳಿಗೆ ಅಷ್ಟು ಚಿಕ್ಕ ಮಸೂರ ಸಿಗುವುದಿಲ್ಲ, ಕೈಗವಸು ತೆಗೆದು ಬರಿಗೈಯಲ್ಲಿ ತಣ್ಣನೆಯ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ಹಾಗಾಗಿ ಒಳಗವಸು ಎಂದು ತೆಳ್ಳಗಿನ ಇನ್ನೊಂದು ಜೊತೆ ಇರುತ್ತದೆ. ಹೊರಗಿನದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಒಳಗವಸಿನಲ್ಲೇ ಕೆಲಸ ಮಾಡಬೇಕು. ಉಸಿರು ಊದಿ ಒರೆಸಲು ಮಾತ್ರ ಹೋಗಬಾರದು, ಊದಿದ ಉಸಿರೇ ಮಂಜಾಗಿ ಕೂರುತ್ತದೆ. ಒಣ ಬಟ್ಟೆ ಅವಳ ಬಳಿ ಇಲ್ಲ, ಅದು ಬೆನ್ನಿಗೆ ನಿಂತವನ ಜೇಬಿನಲ್ಲಿದೆ ಎಂದು ಬರೆಯಿರಿ. ಅವನು ಕಾವಲು ಬಿಟ್ಟು ಇತ್ತ ತಿರುಗಬೇಕೋ ಬೇಡವೋ ಎಂಬುದನ್ನು ಅವಳೇ ಹೇಳಬೇಕಾಗುತ್ತದೆ.